ಡಾರ್ಲೀನಳ ಅಡುಗೆಮನೆ ಸೀನು

ಭಾನುವಾರ ಚರ್ಚಿನಿಂದ ಬಂದು, ಹೊಟ್ಟೆ ಬಿರಿಯುವಷ್ಟು ಕೋಳಿ ತಿಂದು, ಆಮೇಲೆ ಮನುಷ್ಯರು ಮನುಷ್ಯರನ್ನು ಕೊಚ್ಚುವುದನ್ನು ನೋಡುತ್ತ ಕೂರುವುದು ನಮ್ಮ ಮನೆಯ ಪದ್ಧತಿ. ನನ್ನ ಪದ್ಧತಿಯಲ್ಲ, ಹೊರೇಸನದು. ನನ್ನ ಗಂಡ ಹೊರೇಸ್ ಇಲ್ಲೇ ಶಿಕಾಗೊದ ದಕ್ಷಿಣ ಭಾಗದ ಮೊನಾರ್ಕ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವನು. ಟಾಕೀಸನ್ನು ಕೆಡವಿ ಅಲ್ಲಿ ಕಾರು ನಿಲ್ಲಿಸುವ ಬಯಲು ಮಾಡಿ ಎಷ್ಟೋ ಕಾಲವಾಯಿತು. ಅಲ್ಲಿ ಅವನು ಓಡಿಸುತ್ತಿದ್ದ ಅಗ್ಗದ ಸಿನಿಮಾಗಳೆಲ್ಲ ಈಗ ತೊಳೆದು ಒರೆಸಿ ಡಿಸ್ಕಿನಲ್ಲಿ ಬರುತ್ತಿವೆ. ಜೈಲಿನ ಹೆಂಗಸರ ಸಿನಿಮಾ, ಕರಾಟೆ ಸಿನಿಮಾ, ನಮ್ಮ ಕಪ್ಪು ಹುಡುಗರು ಉದ್ದ ಕೋಟು ತೊಟ್ಟು ಬಿಳಿ ಗೂಂಡಾಗಳನ್ನು ಸುಟ್ಟು ಬಿಸಾಡುವ ಸಿನಿಮಾ. ಒಂದನ್ನೂ ಬಿಡದೆ ತರಿಸುತ್ತಾನೆ. ಅದಕ್ಕೆಂದೇ ಗೋಡೆಯಗಲದ ಟಿವಿ ತಂದಿದ್ದಾನೆ. ಅವನ ತಂಗಿ ಲುವೆನಿಯಾ ಊಟಕ್ಕೆ ಬಂದವಳು ಸೋಫಾದ ಮೇಲೆ ಕಾಲು ಚಾಚುತ್ತಾಳೆ, ನಾನು ಪಾತ್ರೆ ತೊಳೆದು ಬಂದು ಕೂರುತ್ತೇನೆ. "ಇಲ್ಲಿ ಹರಿದು ಅಂಟಿಸಿತ್ತು, ನಮ್ಮ ಪ್ರಿಂಟು ಹಾರ್ತಿತ್ತು," "ಈ ರೀಲು ನಮಗೆ ಬಂದಾಗ್ಲೇ ಗೀರು ಬಿದ್ದಿತ್ತು," ಎಂದು ಹೊರೇಸನ ವಿವರಣೆ ನಡೆದೇ ಇರುತ್ತದೆ. ಬಾಯಿ ಮುಚ್ಚಿಕೊಂಡು ನೋಡುವ ಜಾತಿಯವನೇ ಅಲ್ಲ.

ಮೊನಾರ್ಕ್‌ನಲ್ಲೂ ಯಾರೂ ಬಾಯಿ ಮುಚ್ಚಿಕೊಂಡು ನೋಡುತ್ತಿರಲಿಲ್ಲ ಬಿಡಿ. ಬೆಳಗ್ಗೆ ಶುರುವಾದರೆ ಮಧ್ಯರಾತ್ರಿವರೆಗೆ ಒಂದರ ಹಿಂದೆ ಒಂದು ಓಡುತ್ತಲೇ ಇರುತ್ತಿದ್ದವು. ಜನ ಯಾವಾಗಲೋ ನುಗ್ಗಿ, ಮೊದಲು ಕೊನೆಯನ್ನು ನೋಡಿ, ಆಮೇಲೆ ಮೊದಲನ್ನು ನೋಡಿ, "ಇಲ್ಲಿಗೇ ಕಣೋ ನಾವು ಬಂದಿದ್ದು, ನಡಿ" ಎಂದು ಎದ್ದು ಹೋಗುತ್ತಿದ್ದರು. ಇದ್ದಷ್ಟು ಹೊತ್ತೂ ಇಡೀ ಹಾಲು ತೆರೆಯ ಜೊತೆ ಜಗಳಕ್ಕೆ ನಿಂತಿರುತ್ತಿತ್ತು. "ಏ ಹುಡುಗೀ, ಆ ಬಾಗ್ಲು ತೆಗೀಬೇಡ್ವೇ!" "ತೆಗೆದೇಬಿಟ್ಲು ನೋಡು, ಪೆದ್ದಿ!" ಶಿಳ್ಳೆ, ನಗು, ಪಾಪ್‌ಕಾರ್ನ್ ಪೊಟ್ಟಣ ಎಸೆಯುವುದು. ಅಷ್ಟು ಗದ್ದಲದಲ್ಲಿ ತೆರೆಯ ಮೇಲಿನ ಹೆಣ್ಣು ಕಿರುಚಿದ್ದು ಯಾರಿಗೆ ಕೇಳಿಸಬೇಕು? ಮನೆಯಲ್ಲಿ ಕೇಳಿಸುತ್ತದೆ. ಉಸಿರು ಎಳೆದುಕೊಂಡಿದ್ದೂ ಕೇಳಿಸುತ್ತದೆ. ಒಂದು ಸಲ, "ಆ ಹುಡುಗಿ ನಿಜವಾಗ್ಲೂ ಹೆದರಿದಾಳೆ ಕಣೋ," ಎಂದೆ. "ಅದು ನಟನೆ ನೀಸಿ," ಎಂದ ಹೊರೇಸ್. ನನ್ನ ಹೆಸರು ವೆರ್ನೀಸ್, ಅವನ ಬಾಯಲ್ಲಿ ನೀಸಿ. ನಟನೆ ಏನೆಂದು ನನಗೇ ಹೇಳಿಕೊಡುತ್ತಾನೆ, ನೋಡಿ ಅವನ ಸೊಕ್ಕು.

ಯಾಕೆಂದರೆ ಇಂಥದ್ದೊಂದು ಸಿನಿಮಾದಲ್ಲಿ ನಾನೂ ಇದ್ದೆ. 'ಸ್ಟೇಟ್ ಸ್ಟ್ರೀಟಿನ ರಕ್ತ' ಎಂದು ಅದರ ಹೆಸರು. ಲಾಸ್ ಏಂಜಲೀಸಿನಿಂದ ಒಂದು ಚಿಲ್ಲರೆ ಕಂಪನಿ ಬಂದು, ನಮ್ಮ ಬೀದಿಗಳಲ್ಲೇ ಹೊಡೆದಾಡಿಸಿ ತೆಗೆದುಕೊಂಡು ಹೋದ ಸಿನಿಮಾ. ನನಗೆ ಆಗ ಇಪ್ಪತ್ತೆರಡು. ಚರ್ಚಿನ ನಾಟಕಗಳಲ್ಲಿ ಮೇರಿಯಾಗಿ ಮೇರಿಯಾಗಿ ಸಾಕಾಗಿತ್ತು. ಹೋಗಿ ಸಾಲಿನಲ್ಲಿ ನಿಂತೆ, ಆರಿಸಿದರು. ಪಾತ್ರದ ಹೆಸರು ಡಾರ್ಲೀನ್, ನಾಯಕನ ತಂಗಿ. ಇಂಥ ಸಿನಿಮಾದಲ್ಲಿ ನಾಯಕನ ತಂಗಿಗೆ ಇರುವ ಕೆಲಸ ಒಂದೇ, ಸಾಯುವುದು. ಅವಳು ಸತ್ತರೆ ತಾನೇ ಅಣ್ಣ ಬಂದೂಕು ಹಿಡಿಯುವುದು? ಬ್ಲೌಸು ಹರಿಸಿಕೊಂಡು, ಕಿರುಚುತ್ತ ಗಲ್ಲಿಯಲ್ಲಿ ಓಡಿ, ಗುಂಡು ತಿಂದು ಬೀಳಬೇಕು. ಅದನ್ನೂ ಮಾಡಿದೆ. ಆದರೆ ಅದಕ್ಕೆ ಮುಂಚೆ ನನಗೆ ಇನ್ನೊಂದು ಸೀನಿತ್ತು. ಯುದ್ಧದಿಂದ ಬಂದ ಅಣ್ಣನಿಗೆ ಅಡುಗೆಮನೆಯಲ್ಲಿ ಮೊಟ್ಟೆ ಹುರಿದು ಕೊಡುತ್ತ ಮಾತಾಡುವ ಸೀನು. ಮಾತೆಲ್ಲ ನನ್ನದೇ. ಕ್ಯಾಮೆರಾ ಎಲ್ಲೂ ನಿಲ್ಲಿಸದೆ ಒಂದೇ ಓಟಕ್ಕೆ ತೆಗೆದರು. ಮುಗಿದಾಗ, ಹಲ್ಲುಕಡ್ಡಿ ಕಚ್ಚಿಕೊಂಡೇ ಓಡಾಡುತ್ತಿದ್ದ ಡೈರೆಕ್ಟರ್ ಗಸ್, ಅದನ್ನು ತೆಗೆದು ಕೈಯಲ್ಲಿ ಹಿಡಿದು, "ಮಿಕ್ಕಿದ್ದು ಏನಾದ್ರೂ ಹೋಗ್ಲಿ, ಇದು ಹೋಗಲ್ಲ," ಎಂದ.

ಮೊನಾರ್ಕ್‌ನಲ್ಲಿ ಬಿಡುಗಡೆಯಾದ ದಿನ ನಾನು ನಮ್ಮಮ್ಮನನ್ನು ಕರೆದುಕೊಂಡು ಹೋದೆ. ಚರ್ಚಿನ ಹೆಂಗಸರು ಟೋಪಿ ಹಾಕಿಕೊಂಡು ಒಂದು ಸಾಲು ತುಂಬ ಕೂತಿದ್ದರು. ಮೇಲೆ ಪ್ರೊಜೆಕ್ಟರ್ ಕೋಣೆಯಲ್ಲಿ ಹೊರೇಸ್. ಆಗ ನಮ್ಮಿಬ್ಬರ ಓಡಾಟ ಶುರುವಾಗಿ ಎರಡು ವರ್ಷ ಆಗಿತ್ತು. ಅಮ್ಮನ ಕಿವಿಯಲ್ಲಿ, "ಅಡುಗೆಮನೆ ಸೀನು ಬರ್ಲಿ, ಆಗ ನೋಡು," ಎಂದು ಹೇಳಿಟ್ಟಿದ್ದೆ. ತೆರೆಯ ಮೇಲೆ ಅಣ್ಣನ ಕಾರು ಬಂದು ಮನೆ ಮುಂದೆ ನಿಂತಿತು. ಮೆಟ್ಟಿಲು ಹತ್ತಿದ, ಬಾಗಿಲು ತಟ್ಟಿದ. ಟಪ್ ಎಂದಿತು, ತೆರೆ ಬೆಳ್ಳಗೆ ಮಿಂಚಿತು, ನೋಡಿದರೆ ಅವನು ಮತ್ತೆ ಕಾರಿನಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಾನೆ! "ಯಾಕೋ ಅಳ್ತೀಯಾ? ಬಾಗ್ಲು ತೆಗೀಲಿಲ್ವಾ ಪಾಪ?" ಎಂದು ಯಾವನೋ ಕೂಗಿದ. ಹಾಲಿಗೆ ಹಾಲೇ ನಕ್ಕಿತು. ಅದರ ಬೆನ್ನಿಗೇ ನಾನು ಗಲ್ಲಿಯಲ್ಲಿ ಓಡುತ್ತಿದ್ದೆ. ಬ್ಲೌಸು ಹರಿಯಿತು. ಬಾಲ್ಕನಿಯಿಂದ ಮುಂದಿನ ಸಾಲಿನವರೆಗೆ ಶಿಳ್ಳೆ. ಅಮ್ಮ ಮಡಿಲಲ್ಲಿದ್ದ ಕೈಚೀಲ ತೆರೆದು ಅದರೊಳಗೆ ಏನೋ ಹುಡುಕುವವಳಂತೆ ತಲೆ ತಗ್ಗಿಸಿದಳು. ನಾನು ಸತ್ತು ಬೀಳುವವರೆಗೂ ಹುಡುಕುತ್ತಲೇ ಇದ್ದಳು. ಆ ಸಿನಿಮಾದ ಬಗ್ಗೆ ಅವಳು ಸಾಯುವ ತನಕ ನನ್ನ ಹತ್ತಿರ ಒಂದು ಮಾತು ಆಡಲಿಲ್ಲ. ಚರ್ಚಿನಲ್ಲಿ ಎಲ್ಲರ ಮುಂದೆ ನಿಂತು ಹಾಡುವುದನ್ನು ಮಾತ್ರ ಬಿಟ್ಟಳು.

ಅವತ್ತು ಮೆಟ್ಟಿಲು ಹತ್ತಿ ಹೊರೇಸನ ಹತ್ತಿರ ಓಡಿದೆ. ಟಾಕೀಸುಗಳಿಗೆ ಬರುವ ಪ್ರಿಂಟು ಅದೆಷ್ಟು ಕೈ ದಾಟಿ ಬಂದಿರುತ್ತದೆ, ಎಲ್ಲೆಲ್ಲಿ ಹರಿದು ಅಂಟಿಸಿಕೊಂಡಿರುತ್ತದೆ ಎಂದು ನನಗೂ ಗೊತ್ತಿತ್ತು. "ನಮ್ಮ ಪ್ರಿಂಟು ಎಲ್ಲಾದ್ರೂ ಹರಿದಿತ್ತಾ? ನನ್ನ ಸೀನು ಎಲ್ಲಿ?" ಎಂದೆ. "ಇಲ್ಲ ನೀಸಿ. ಬಂದಿದ್ದೇ ಹಾಗೆ. ಕಂಪನಿಯವ್ರೇ ತೆಗೆದುಹಾಕಿದಾರೆ," ಎಂದ. ನನ್ನನ್ನು ತಬ್ಬಿಕೊಂಡ. ಅವನ ಅಂಗಿ ಒದ್ದೆಯಾಗುವಷ್ಟು ಅತ್ತೆ.

ತೆಗೆದುಹಾಕಿದರು ಎಂದರೆ ಚೆನ್ನಾಗಿರಲಿಲ್ಲ ಎಂದೇ ಅಲ್ಲವೇ ಅರ್ಥ? ಗಸ್ ನನ್ನ ಮುಖದ ಮುಂದೆ ಬೆಣ್ಣೆ ಹಚ್ಚಿದ್ದ, ಅಷ್ಟೇ. ನನ್ನಿಂದ ಅವರಿಗೆ ಬೇಕಾಗಿದ್ದು ಬ್ಲೌಸು. ಲುವೆನಿಯಾ ಯಾವನೋ ಸ್ನೇಹಿತನ ಜೊತೆ ಪೇಟೆಗೆ ಹೋಗಿ ಅಲ್ಲಿನ ದೊಡ್ಡ ಟಾಕೀಸಿನಲ್ಲಿ ನೋಡಿ ಬಂದವಳು, "ಅಳಿಸಿಬಿಟ್ಟೆ ಕಣೇ ನನ್ನ," ಎಂದಳು. ನಾನು ಸತ್ತಿದ್ದಕ್ಕೆ ಅತ್ತಳು ಎಂದುಕೊಂಡು ಮಾತು ಬದಲಿಸಿದೆ, ಮತ್ತೆಂದೂ ಅವಳ ಹತ್ತಿರ ಆ ಸುದ್ದಿ ಎತ್ತಲಿಲ್ಲ. ಆಮೇಲೆ ಲಾಸ್ ಏಂಜಲೀಸಿನಿಂದ ಫೋನು ಬಂತು. ಇನ್ನೊಂದು ಸಿನಿಮಾ ಇದೆ, ಪಾತ್ರ ದೊಡ್ಡದು, ಬಾ ಎಂದರು. ಇನ್ನೆಷ್ಟು ಬ್ಲೌಸು ಹರಿಸಿಕೊಳ್ಳಲಿ? "ಬರಲ್ಲ," ಎಂದು ಇಟ್ಟುಬಿಟ್ಟೆ. ಆ ಚಳಿಗಾಲದಲ್ಲೇ ಹೊರೇಸನನ್ನು ಮದುವೆಯಾದೆ. ನಿವೃತ್ತಿಯಾಗುವವರೆಗೆ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳ ತಟ್ಟೆಗೆ ಆಲೂಗಡ್ಡೆ ಬಡಿಸಿದೆ. ಚರ್ಚಿನ ಕ್ರಿಸ್ಮಸ್ ನಾಟಕಕ್ಕೆ ಕರೆದರೂ ಹೋಗಲಿಲ್ಲ. ಜನರ ಮುಂದೆ ನಿಲ್ಲುವ ಯೋಗ್ಯತೆ ನನಗಿಲ್ಲ ಎಂದು ತೀರ್ಮಾನವಾಗಿತ್ತು. ಒಂದು ಮಾತ್ರ ಒಳಗೇ ಚುಚ್ಚುತ್ತಿತ್ತು. ಆ ಸೀನು ಮಾಡುವಾಗ ನನಗೆ ಹಾಗೆ ಅನ್ನಿಸಿರಲಿಲ್ಲವಲ್ಲ! ಅವತ್ತು ಆ ಒಲೆಯ ಮುಂದೆ, ನಾನು ಹುಟ್ಟಿದ್ದೇ ಇದಕ್ಕೆ ಎನ್ನಿಸಿತ್ತು. ಅಷ್ಟು ತಪ್ಪು ತಿಳಿಯಲು ಹೇಗೆ ಸಾಧ್ಯ ಎಂದು ನನ್ನ ಮೇಲೆ ನನಗೇ ನಾಚಿಕೆ.

ಹೋದ ಭಾನುವಾರ ನಮ್ಮ ಮಗಳು ರೋಶೆಲ್ ಆ ಸಿನಿಮಾವನ್ನು ತಂದಳು.

"ಅಮ್ಮ, ಕಣ್ಮುಚ್ಚು," ಎಂದು ನನ್ನ ಕೈಯಲ್ಲಿ ಡಬ್ಬಿ ಇಟ್ಟಳು. ಮೇಲೆ ನಾಯಕ, ಅವನ ಬಂದೂಕು, ಕೆಳಗೆ ಮೂಲೆಯಲ್ಲಿ ಬೆಂಕಿಕಡ್ಡಿಯಷ್ಟು ನಾನು. "ಮೂಲ ನೆಗೆಟಿವ್ ಸಿಕ್ಕಿದೆಯಂತೆ. ಹೊಸದಾಗಿ ಮಾಡಿದಾರೆ. ಡ್ಯಾಡಿ, ನೀನು ಯಾವಾಗ್ಲೂ ಅಂತಿದ್ದೆಯಲ್ಲ, ಅದು ಸುಟ್ಟುಹೋಯ್ತು, ಎಲ್ಲೂ ಉಳಿದಿಲ್ಲ ಅಂತ!"

ಹೊರೇಸ್ ಗೆಣಸಿನ ಪೈ ತಿನ್ನುತ್ತಿದ್ದ. ತಟ್ಟೆ ಪಕ್ಕಕ್ಕಿಟ್ಟ. "ಇವತ್ತು ಬೇಡ. ಕರಾಟೆದು ಒಂದು ಬಂದಿದೆ, ಅದನ್ನ ನೋಡೋಣ."

"ಏ, ಸುಮ್ನಿರೋ," ಎಂದಳು ಲುವೆನಿಯಾ. "ಆ ಚೀನಾದ ಮುದುಕ ಗಡ್ಡ ನೀವಿಕೊಳ್ಳೋದನ್ನ ಇನ್ನೆಷ್ಟು ಸಲ ನೋಡ್ಲಿ? ನಮ್ಮನೆ ಸ್ಟಾರ್‌ನ ನೋಡೋಣ."

"ಬೇಡ ಅಂದ್ನಲ್ಲ. ನೀಸಿಗೆ ಇಷ್ಟ ಇಲ್ಲ."

ನನಗೆ ಇಷ್ಟವಿರಲಿಲ್ಲ, ನಿಜ. ಮಗಳ ಮುಂದೆ ಎದೆ ಬಿಟ್ಟುಕೊಂಡು ಓಡುವುದು ಯಾರಿಗೆ ಬೇಕು? ಆದರೆ ನನಗೆ ಏನು ಇಷ್ಟ ಏನು ಇಲ್ಲ ಎಂದು ಇವನು ಹೇಳುವುದಿದೆಯಲ್ಲ, ಅದು ಶುರುವಾದರೆ ನನಗೆ ಮೈಯೆಲ್ಲ ಉರಿಯುತ್ತದೆ. "ಹಾಕೇ," ಎಂದೆ ರೋಶೆಲ್‌ಗೆ. "ಸಾಯೋದು ಸಾಯ್ತೀನಿ, ನೋಡಿ ಎಲ್ರೂ."

"ರಿಮೋಟು ಸರಿ ಇಲ್ಲ," ಎಂದ ಹೊರೇಸ್. ರೋಶೆಲ್ ಅವನ ತೊಡೆಯ ಕೆಳಗಿಂದ ಅದನ್ನು ಎಳೆದು ಒತ್ತಿದಳು. ಸರಿಯಾಗಿಯೇ ಇತ್ತು.

ಎಷ್ಟು ಸ್ವಚ್ಛವಾಗಿತ್ತು! ಮೊನಾರ್ಕ್‌ನ ಹಳೇ ದೀಪದಲ್ಲಿ ಮಂಕಾಗಿ ಕಂಡದ್ದು ಇಲ್ಲಿ ನಿನ್ನೆ ತೆಗೆದ ಹಾಗಿತ್ತು. ಲುವೆನಿಯಾ ಮೊದಮೊದಲು ಹಳೇ ಅಭ್ಯಾಸದಂತೆ ಕೂಗಾಡಿದಳು. "ಆ ಪ್ಯಾಂಟು ನೋಡೇ, ಇಬ್ರು ಹಿಡಿಸ್ತಾರೆ ಅದ್ರಲ್ಲಿ!" ಹೊರೇಸ್ ಮಾತ್ರ ಪ್ರಿಂಟು, ರೀಲು ಯಾವುದರ ಸುದ್ದಿಯನ್ನೂ ಎತ್ತಲಿಲ್ಲ. ಹೊಟ್ಟೆ ಉಬ್ಬರಿಸಿದೆ ಎಂದು ಒಮ್ಮೆ ಏಳಲು ಹೋದ. "ಕೂತ್ಕೋ ಡ್ಯಾಡಿ, ಅಮ್ಮ ಬರೋ ಹೊತ್ತು," ಎಂದು ರೋಶೆಲ್ ತೋಳು ಹಿಡಿದು ಕೂರಿಸಿದಳು.

ಅಣ್ಣನ ಕಾರು ಬಂದು ನಿಂತಿತು. ಮೆಟ್ಟಿಲು ಹತ್ತಿದ. ಬಾಗಿಲು ತಟ್ಟಿದ. ನಾನು ಆ ಟಪ್ ಎನ್ನುವ ಸದ್ದಿಗೆ ಹಲ್ಲು ಕಚ್ಚಿ ಕೂತಿದ್ದೆ.

ಬಾಗಿಲು ತೆರೆಯಿತು. ಹಳದಿ ಏಪ್ರನ್ ಕಟ್ಟಿಕೊಂಡ ಒಬ್ಬ ಹುಡುಗಿ ಅಲ್ಲಿ ನಿಂತಿದ್ದಳು.

ಓ ಕರ್ತನೇ. ನಾನು.

ಅವಳು ಅಣ್ಣನನ್ನು ತಬ್ಬಿಕೊಳ್ಳಲಿಲ್ಲ. ಅವನ ಕಾಲರು ಸರಿ ಮಾಡಿ, ಒಲೆಯ ಹತ್ತಿರ ಹೋಗಿ ಮೊಟ್ಟೆ ಒಡೆದಳು. ಬೆನ್ನು ತಿರುಗಿಸಿಕೊಂಡೇ, ತಾನು ಯಾವ ಗೂಂಡಾಗಳಿಗಾಗಿ ಡ್ರಗ್ಸ್ ಪೊಟ್ಟಣ ಹೊರುತ್ತಿದ್ದೇನೆ, ಯಾಕೆ ಬಿಡಲಾಗುವುದಿಲ್ಲ ಎಂದು ಹೇಳಿದಳು, ಅಂಗಡಿಯ ಸುದ್ದಿ ಹೇಳುವಂತೆ. ಮಧ್ಯದಲ್ಲಿ ಅವಳಿಗೆ ನಗು ಬಂತು. ಆ ನಗು ಬರೆದುಕೊಟ್ಟದ್ದಲ್ಲ, ಮೊಟ್ಟೆಯ ಚಿಪ್ಪು ಬಾಣಲೆಗೆ ಬಿದ್ದಿತ್ತು, ನನಗೆ ನೆನಪಿದೆ. ಅವಳು ಬೆರಳಿನಿಂದ ಚಿಪ್ಪು ಆರಿಸಿ ತೆಗೆದು, ತಿರುಗಿ, "ಅವ್ರು ನನ್ನ ಕೊಂದ್ರೆ ನೀನು ಹೋಗಿ ಯಾರನ್ನೂ ಕೊಲ್ಲಬೇಡ ಕಣೋ. ನನ್ನ ಹೆಸರಲ್ಲಿ ಇನ್ನೊಬ್ಬರ ಮನೆಯಲ್ಲಿ ಅಳು ಬೇಡ. ಎರಡು ಮೊಟ್ಟೆ ಹುರ್ಕೊಂಡು ತಿನ್ನು, ಮಲಕ್ಕೋ," ಎಂದಳು. ತಟ್ಟೆ ಅವನ ಮುಂದಿಟ್ಟು, ಅವನು ತಿನ್ನುವುದನ್ನು ನೋಡುತ್ತ ನಿಂತಳು. ಆ ನೋಟವೊಂದರಲ್ಲೇ ಅವಳಿಗೆ ಎಲ್ಲ ಗೊತ್ತಿದೆ ಎಂದು ಕಾಣುತ್ತಿತ್ತು. ಅಣ್ಣ ಹೊರಗೆ ಬಂದು ಕಾರಿನಲ್ಲಿ ಕೂತು ಕಣ್ಣೊರೆಸಿಕೊಂಡ.

ಚೆನ್ನಾಗಿದ್ದೆ. ಬೇರೆಯವರು ಹೇಳಲಿ ಎಂದು ಯಾಕೆ ಕಾಯಲಿ, ನಾನೇ ಹೇಳುತ್ತೇನೆ. ನಾನು ತುಂಬಾ ಚೆನ್ನಾಗಿದ್ದೆ.

"ಅಮ್ಮಾ," ಎಂದಳು ರೋಶೆಲ್. "ಇದು ನೀನಾ? ಈ ಸೀನು ಇರ್ಲಿಲ್ಲ ಅಂತಿದ್ದೆ!"

"ಯಾಕಿರ್ಲಿಲ್ಲ?" ಎಂದಳು ಲುವೆನಿಯಾ ಮೂಗೊರೆಸಿಕೊಳ್ಳುತ್ತ. "ಇದಕ್ಕೇ ಅಲ್ವೇನೇ ಅವತ್ತು ನಾನು ಅತ್ತಿದ್ದು! ಪೇಟೆ ಟಾಕೀಸಲ್ಲಿ ಒಂದು ಪಿಳ್ಳೆ ಉಸಿರಾಡ್ಲಿಲ್ಲ. ನನ್ನ ಜೊತೆ ಬಂದಿದ್ದ ಆ ಒರಟ ಕೂಡ ಕರ್ಚೀಫು ತೆಗೆದ. ಬಂದು ಹೇಳಿದ್ನಲ್ಲ ನಿನಗೆ!"

ಪೇಟೆಯಲ್ಲಿ ಇತ್ತು. ಅಂದರೆ ಡೆಟ್ರಾಯಿಟಿನಲ್ಲಿ ಇತ್ತು, ನ್ಯೂಯಾರ್ಕಿನಲ್ಲಿ ಇತ್ತು, ಈ ದೇಶದಲ್ಲಿ ಎಲ್ಲೆಲ್ಲಿ ಓಡಿತೋ ಅಲ್ಲೆಲ್ಲ ಇತ್ತು. ಇಲ್ಲದೆ ಇದ್ದದ್ದು ನಾನು ಕೂತು ನೋಡಿದ ಒಂದೇ ಒಂದು ಹಾಲಿನಲ್ಲಿ. ಹೊಸ ಪ್ರಿಂಟು, ಮೊದಲ ದಿನ. ಹರಿಯುವುದಕ್ಕೆ ಕಾಲವೇ ಆಗಿರಲಿಲ್ಲ. ಆಪರೇಟರುಗಳು ತಮಗೆ ಬೇಕಾದ ತುಂಡನ್ನು ಕತ್ತರಿಸಿ ಇಟ್ಟುಕೊಳ್ಳುವುದು ಮಾಮೂಲು. ಬತ್ತಲೆ ಹೆಂಗಸರ ತುಂಡುಗಳನ್ನು ಬೆಳಕಿಗೆ ಹಿಡಿದು ಒಬ್ಬರಿಗೊಬ್ಬರು ತೋರಿಸಿಕೊಂಡು ನಗುತ್ತಿದ್ದುದನ್ನು ನಾನೇ ನೋಡಿದ್ದೆ. ಒಂದು ಪೂರಾ ಸೀನನ್ನು, ಅದೂ ಬಟ್ಟೆ ತೊಟ್ಟ ಸೀನನ್ನು ಕತ್ತರಿಸುವವರೂ ಇದ್ದಾರೆ ಎಂದು ನನಗೆ ಹೊಳೆದಿರಲಿಲ್ಲ, ಅಷ್ಟೇ.

ಹೊರೇಸನ ಕಡೆ ತಿರುಗಿದೆ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದ.

"ನೀನಾ?" ಎಂದೆ.

"ನೀಸಿ, ನಿಮ್ಮಮ್ಮ ಬಂದಿದ್ರು. ಚರ್ಚಿನವ್ರೆಲ್ಲ ಬಂದಿದ್ರು. ನಿನ್ನ ಮರ್ಯಾದೆ..."

ಅವನ ಮಾತು ಮುಗಿಯಲಿಲ್ಲ. ತೆರೆಯ ಮೇಲೆ ನಾನು ಗಲ್ಲಿಗೆ ಬಂದಿದ್ದೆ. ಮನೆಯಲ್ಲಿ ಶಿಳ್ಳೆ ಹಾಕುವವರಿರಲಿಲ್ಲ. ನನ್ನ ಚಪ್ಪಲಿಯ ಸದ್ದು, ಏದುಸಿರು, ಆಮೇಲೆ ಬಟ್ಟೆ ಪರ್‍ರೆಂದು ಹರಿದದ್ದು, ಒಂದೊಂದೂ ಆ ಕೋಣೆಯಲ್ಲಿ ಕೇಳಿಸಿತು. ರೋಶೆಲ್ ರಿಮೋಟಿಗೆ ಕೈ ಹಾಕಿದಳು. "ಬಿಡೇ," ಎಂದೆ. "ಓಡ್ಲಿ. ನಿಮ್ಮಪ್ಪ ನೋಡ್ಲಿ. ನೋಡು ಹೊರೇಸ್, ತಲೆ ಎತ್ತು. ಇದನ್ನ ಕತ್ತರಿಸ್ಲಿಲ್ವಲ್ಲೋ ನೀನು! ಮೈ ತುಂಬ ಬಟ್ಟೆ ಹಾಕ್ಕೊಂಡು ಮೊಟ್ಟೆ ಹುರಿದ್ರೆ ನನ್ನ ಮರ್ಯಾದೆ ಹೋಗುತ್ತೆ, ಇದಕ್ಕೆ ಹೋಗಲ್ಲ, ಅಲ್ವಾ? ಇದನ್ನ ನಮ್ಮಮ್ಮನಿಗೆ ಅಂತ ಬಿಟ್ಟೆ. ನನ್ನ ತಾಯಿ ನನ್ನನ್ನ ಇಷ್ಟೇ ಅಂತ ತಿಳ್ಕೊಂಡು ಮಣ್ಣಿಗೆ ಹೋದ್ಲು!"

ಗುಂಡಿನ ಸದ್ದಾಯಿತು. ಬಿದ್ದೆ. ಆಗ ರೋಶೆಲ್ ನಿಲ್ಲಿಸಿದಳು.

"ನನ್ನ ಅಣ್ಣ ಆಗಿ ಹುಟ್ಟಿದೀಯಲ್ಲೋ, ಥೂ," ಎಂದಳು ಲುವೆನಿಯಾ.

"ಆ ತುಂಡು ಎಲ್ಲಿ?" ಎಂದೆ.

"ಸ್ವಲ್ಪ ದಿನ ಇಟ್ಕೊಂಡಿದ್ದೆ. ಮದುವೆ ಆದ್ಮೇಲೆ ಒಲೆಗೆ ಹಾಕ್ದೆ." ಅವನು ಕನ್ನಡಕವನ್ನು ಒರೆಸಿದ, ಹಾಕಿಕೊಳ್ಳಲಿಲ್ಲ. "ನೀನು ಹೋಗಿದ್ರೆ ಈ ಸಂಸಾರ ಎಲ್ಲಿರ್ತಿತ್ತು ನೀಸಿ? ರೋಶೆಲ್ ಇರ್ತಿದ್ಲಾ?"

"ನನ್ನ ಅಡ್ಡ ಇಟ್ಕೋಬೇಡ ಡ್ಯಾಡಿ," ಎಂದಳು ಮಗಳು. ಎದ್ದು ಬಂದು ನನ್ನ ಕುರ್ಚಿಯ ಕೈಯ ಮೇಲೆ ಕೂತಳು.

ಅವನಿಗೆ ಇನ್ನು ಹಿಡಿದುಕೊಳ್ಳಲು ಏನೂ ಉಳಿದಿರಲಿಲ್ಲ. ಮುದುಕ, ಕೆಮ್ಮುತ್ತಿದ್ದ. ಬೇರೆ ದಿನವಾಗಿದ್ದರೆ ಎದ್ದು ಹೋಗಿ ನೀರು ಕೊಡುತ್ತಿದ್ದೆ.

"ಹಿಂದಿನ ದಿನ ಪ್ರಿಂಟು ಬಂತು," ಎಂದ. "ಒಂದ್ಸಲ ಓಡಿಸಿ ನೋಡ್ಬೇಕಲ್ಲ, ಒಬ್ನೇ ಹಾಕ್ಕೊಂಡೆ. ಖಾಲಿ ಹಾಲು. ಆ ಸೀನು ಬಂತು. ಪ್ರೊಜೆಕ್ಟರ್ ಕೋಣೆಯ ಆ ಕಿಂಡಿಯಿಂದ ನಾನು ಎಷ್ಟು ಸಿನಿಮಾ ನೋಡಿದೀನಿ, ನಿನಗೆ ಗೊತ್ತಲ್ಲ. ಊಟ ಮಾಡ್ತಾ ನೋಡಿದೀನಿ, ನಿದ್ದೆ ಮಾಡ್ತಾ ನೋಡಿದೀನಿ. ಅವತ್ತು ಎದ್ದು ನಿಂತ್ಕೊಂಡೆ ನೀಸಿ. ಅಂಥದ್ದನ್ನ ನಾನು ಯಾವತ್ತೂ ನೋಡಿರ್ಲಿಲ್ಲ, ಆಮೇಲೂ ನೋಡಿಲ್ಲ. ಇವಳು ಇದನ್ನ ನೋಡ್ಕೊಂಡ್ರೆ ಇಲ್ಲಿ ನಿಲ್ಲಲ್ಲ ಅಂತ ಅನ್ನಿಸ್ಬಿಡ್ತು. ನನ್ನಂಥವನ ಜೊತೆ ಯಾಕೆ ಇರ್ತಾಳೆ?"

ಇಷ್ಟು ವರ್ಷ ಈ ಒಂದು ಮಾತು ಬೇಕಾಗಿತ್ತು ನನಗೆ. ಯಾರಾದರೂ ಹೇಳಲಿ ಎಂದು ಎಷ್ಟು ಹಂಬಲಿಸಿದ್ದೆ! ಅದು ಇವನ ಹೊಟ್ಟೆಯೊಳಗೇ ಇತ್ತು. ದಿನಾ ನನ್ನ ಕೈಯ ಅಡುಗೆ ಉಂಡು, ನನ್ನ ಪಕ್ಕದಲ್ಲೇ ಮಲಗಿ, ಒಂದು ದಿನ ಬಾಯಿ ಬಿಡಲಿಲ್ಲ. ನನಗೆ ಅಳು ಬರಲಿಲ್ಲ. ಅಳಬೇಕಾದ್ದನ್ನೆಲ್ಲ ಆವತ್ತೇ, ಇವನ ಅಂಗಿಯ ಮೇಲೇ ಅತ್ತುಬಿಟ್ಟಿದ್ದೆನಲ್ಲ.

"ಹೋಗಿದ್ರೆ," ಎಂದ ಅವನು. ಕನ್ನಡಕ ಹಾಕಿಕೊಂಡು ನನ್ನ ಮುಖ ನೋಡಿ ಮತ್ತೆ ಶುರು ಮಾಡಿದ. "ಅವತ್ತು ಲಾಸ್ ಏಂಜಲೀಸಿಗೆ ಹೋಗಿದ್ರೆ, ವಾಪಸ್ ಬರ್ತಿದ್ಯಾ ನೀಸಿ?"

ಸುಳ್ಳು ಹೇಳಬಹುದಿತ್ತು. ಬರುತ್ತಿರಲಿಲ್ಲ ಎಂದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ತಾನು ಮಾಡಿದ್ದಕ್ಕೆ ಒಂದು ಅರ್ಥವಾದರೂ ಇತ್ತು ಎಂದುಕೊಂಡು ಮಲಗುತ್ತಿದ್ದ. ಆ ಸಮಾಧಾನ ಅವನಿಗೆ ಸಿಗಬಾರದು ಎನ್ನಿಸಿತು. ಅಲ್ಲದೆ ನಿಜವೂ ಅದಲ್ಲ.

"ಬರ್ತಿದ್ದೆ ಹೊರೇಸ್," ಎಂದೆ. "ಅವತ್ತು ನೀನಂದ್ರೆ ನನಗೆ ಪ್ರಾಣ ಆಗಿತ್ತು."